ಮೂರಂಗುಲದ ಹಲಗೆ

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನಿರ್ದೇಶಕರಿಗೂ ಅಕ್ಕ, ಮೇಕಪ್ಪಿನವನಿಗೂ ಅಕ್ಕ. ಅರವತ್ತೈದು ದಾಟಿದ, ಬಾಯಲ್ಲಿ ಎರಡೇ ಹಲ್ಲು ಉಳಿದಿದ್ದ ಟೀ ಮುದುಕನೂ "ಅಕ್ಕಾ, ಟೀ ತಗೊಳ್ಳಿ" ಎನ್ನುತ್ತಿದ್ದ. ಆಗ ಅವಳಿಗೆ ಹದಿನೆಂಟು. ನಿಜಕ್ಕೂ ಅವಳು ಅಕ್ಕನಾಗಿದ್ದುದು ಒಬ್ಬಳಿಗೆ ಮಾತ್ರ. ಆ ಒಬ್ಬಳು ಕರೆದಳೆಂದು ಉಳಿದವರೂ ಕರೆದರು. ತನ್ನನ್ನು ಕರೆಯುವ ಹೆಸರಿಗೂ ತಂಗಿಯೇ ಬೇಕಾಯಿತಲ್ಲ ಎಂದು ಅವಳಿಗೆ ಅದರ ಮೇಲೂ ಹೊಟ್ಟೆಯುರಿ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಗಾದೆ ಕಟ್ಟಿದ ಮಹಾನುಭಾವರು ಅಕ್ಕತಂಗಿಯರನ್ನು ಯಾಕೆ ಬಿಟ್ಟರೋ ತಿಳಿಯದು. ಈ ಮನೆಗೆ ಬಂದು ಒಂದು ದಿನ ಕೂತಿದ್ದರೆ ಬಿಡುತ್ತಿರಲಿಲ್ಲ.

ಮನೆ ಎಂದರೆ ಲಾಂಡ್ರಿಯ ಮೇಲಿನ ಎರಡು ಕೋಣೆ. ಅಮ್ಮ ಕೆಳಗೆ ಹೋಟೆಲಿನ ಬೆಡ್‌ಶೀಟುಗಳಿಗೂ ಆಸ್ಪತ್ರೆಯ ಕೋಟುಗಳಿಗೂ ಇಸ್ತ್ರಿ ಹಾಕುತ್ತಿದ್ದಳು. ಅಪ್ಪ ಲಾರಿಯ ಮೇಲೆ ಊರೂರು ಸುತ್ತುವವನು, ತಿಂಗಳಿಗೊಮ್ಮೆ ಬಂದು ಎರಡು ದಿನ ನಿದ್ದೆ ಮಾಡಿ ಹೋಗುವವನು. ಮೇಲಿನ ಕೋಣೆಯ ಬೀರುವಿಗೆ ಒಂದು ಕನ್ನಡಿ, ಅದರ ನಡುವೆ ಒಂದು ಬಿರುಕು. ಆ ಬಿರುಕಿನ ಎಡಕ್ಕೆ ಮುಖ ಸರಿಸಿಕೊಂಡು ಅಕ್ಕ ದಿನಾ ಡೈಲಾಗ್ ಹೇಳುತ್ತಿದ್ದಳು. ಅವಳಿಗೆ ಜೀವನದಲ್ಲಿ ಬೇಕಾಗಿದ್ದದ್ದು ಒಂದೇ, ಅದನ್ನು ಮುಚ್ಚಿಡುವುದೂ ಬೇಡ: ಒಂದು ಸಲ, ಒಂದೇ ಒಂದು ಸಲ, ತನ್ನ ಮುಖ ತೆರೆಯ ಮೇಲೆ ಬರಬೇಕು. ಹೀರೋಯಿನ್ ಆಗಬೇಕೆಂದೇನೂ ಇರಲಿಲ್ಲ. ಬಾಗಿಲು ತೆಗೆದು "ಅವರು ಮನೇಲಿಲ್ಲ" ಅಂದರೂ ಸಾಕಿತ್ತು.

ಹೊಸ ಮುಖ ಬೇಕಾಗಿದೆ ಎಂದು ಪೇಪರಿನಲ್ಲಿ ಬಂದಾಗ ಅವಳಿಗೆ ಹದಿನೇಳು. ಸ್ಟುಡಿಯೋದವರು ಒಂದು ಹಾಳೆ ಡೈಲಾಗ್ ಕೊಟ್ಟು, ತಿಂಗಳು ಬಿಟ್ಟು ಬಾ ಎಂದರು. ಆ ತಿಂಗಳಿಡೀ ಅವಳು ಊಟ ಮಾಡುವಾಗ, ಪಾತ್ರೆ ತೊಳೆಯುವಾಗ, ಹಲ್ಲುಜ್ಜುವಾಗ ಅದನ್ನೇ ಹೇಳಿದಳು. ಕೋಣೆಯ ಮೂಲೆಯಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದ ಹನ್ನೆರಡರ ತಂಗಿ ಮಧ್ಯೆ ಮಧ್ಯೆ ತಲೆಯೆತ್ತಿ, "ಅಕ್ಕಾ, ಸಾಕು ಮಾಡೇ, ನನ್ನ ಲೆಕ್ಕದಲ್ಲೂ ಅದೇ ಬರ್ತಿದೆ" ಎನ್ನುತ್ತಿದ್ದಳು.

ಹೊರಡುವ ದಿನ ಅಮ್ಮ, "ಇವಳನ್ನೂ ಕರ್ಕೊಂಡು ಹೋಗು. ಇವತ್ತು ಕೆಳಗೆ ಕೆಲಸ ಜಾಸ್ತಿ, ನೋಡ್ಕೊಳ್ಳೋರು ಯಾರೂ ಇಲ್ಲ" ಅಂದಳು. ಅಮ್ಮನ ಬಾಯಿಂದ ಆ ಮಾತು ಬರದೇ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಕ್ಕ ಆಮೇಲೆ ಎಷ್ಟೋ ವರ್ಷ ಅಮ್ಮನನ್ನು ಬೈಯಬೇಕೆನಿಸಿದಾಗೆಲ್ಲ ಅಲ್ಲಿಂದಲೇ ಶುರು ಮಾಡುತ್ತಿದ್ದಳು, ಮನಸ್ಸಿನಲ್ಲಿ.

ಸ್ಟುಡಿಯೋದಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಡ್ಡಗೀಟು ಎಳೆದಿದ್ದರು. "ಆ ಗುರುತಿನ ಮೇಲೆ ನಿಂತ್ಕೊಳ್ಳಮ್ಮ, ಸ್ವಲ್ಪ ಲೈಟ್ ಸರಿ ಮಾಡ್ಕೋತೀವಿ" ಅಂದರು. ಸ್ವಲ್ಪ ಅಂದದ್ದು ನಲವತ್ತು ನಿಮಿಷವಾಯಿತು. ಕ್ಯಾಮೆರಾಮನ್ನಿನ ಸಹಾಯಕ ಬಂದು, ಟೇಪಿನ ಒಂದು ತುದಿಯನ್ನು ಕ್ಯಾಮೆರಾಕ್ಕೂ ಇನ್ನೊಂದನ್ನು ಅವಳ ಮೂಗಿನ ತುದಿಗೂ ಹಿಡಿದು ಅಳೆದ. ಮುಖಕ್ಕೆ ನೇರವಾಗಿ ಬೀಳುವ ಬೆಳಕಿನಲ್ಲಿ ಅವಳ ನಾಲಿಗೆ ಒಣಗಿ ಮೇಲಕ್ಕೆ ಅಂಟಿಕೊಂಡಿತು. ಕೊನೆಗೆ "ಹ್ಞೂಂ, ಹೇಳು" ಎಂದಾಗ ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ತಿಂಗಳಿಡೀ ಹಲ್ಲಿನ ಜೊತೆ ಉಜ್ಜಿದ ಸಾಲು! ಕೋಣೆಯೆಲ್ಲ ಗಪ್‌ಚಿಪ್. ಆಗ ಬಾಗಿಲ ಪಕ್ಕದ ಬೆಂಚಿನಿಂದ, ಬಾಯಿತುಂಬ ಬಿಸ್ಕತ್ತು ಇಟ್ಟುಕೊಂಡ ಒಂದು ದನಿ ಆ ಸಾಲನ್ನೂ ಅದರ ಮುಂದಿನದನ್ನೂ ಗಡಗಡನೆ ಒಪ್ಪಿಸಿ, "ಇದು ಕಣೇ ಅಕ್ಕಾ!" ಎಂದಿತು.

ಎಲ್ಲರೂ ನಕ್ಕರು. ನಿರ್ದೇಶಕರು ಮಾತ್ರ ನಗಲಿಲ್ಲ. ಕತ್ತು ಹೊರಳಿಸಿ ನೋಡಿದರು.

"ಆ ಚಿನಕುರುಳಿ ಯಾರು? ಅದೇ ಗುರುತಿನ ಮೇಲೆ ನಿಲ್ಲಿಸಿ."

ನಿಲ್ಲಿಸಿದರು. ಲೈಟು ಸರಿಸಬೇಕಾಗಲಿಲ್ಲ, ಕ್ಯಾಮೆರಾ ತಗ್ಗಿಸಬೇಕಾಗಲಿಲ್ಲ. ವಯಸ್ಸಿಗೆ ಅಕ್ಕ ಗಿಡ್ಡ, ತಂಗಿ ಉದ್ದ. ಆ ವರ್ಷ ಇಬ್ಬರದೂ ಒಂದೇ ಎತ್ತರ, ಕೂದಲೆಳೆಯ ವ್ಯತ್ಯಾಸವಿಲ್ಲ. ಅಕ್ಕನಿಗೆಂದು ನಲವತ್ತು ನಿಮಿಷ ಹೊಂದಿಸಿದ ಬೆಳಕೆಲ್ಲ ತಂಗಿಯ ಮುಖದ ಮೇಲೆ ಹೇಳಿ ಮಾಡಿಸಿದಂತೆ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ತುತ್ತು ಪಕ್ಕದ ಬಾಯಿಗೇ ಹೋಯಿತು. ಆ ಬಾಯಲ್ಲಿ ಆಗಲೇ ಬಿಸ್ಕತ್ತೂ ಇತ್ತು.

ಗಾಯಕ್ಕೆ ಉಪ್ಪು ಸವರಿದವನು ಕ್ಯಾಮೆರಾಮನ್. "ಸಾರ್, ಇಬ್ರೂ ಒಂದೇ ಅಳತೆ. ಚಿಕ್ಕದು ಗಂಟೆಗಟ್ಟಲೆ ಬೆಳಕಲ್ಲಿ ನಿಲ್ಲೋಕಾಗಲ್ಲ. ದೊಡ್ಡವಳನ್ನ ಲೈಟಿಂಗಿಗೆ ಇಟ್ಕೊಳ್ಳೋಣ" ಅಂದ. ಹಾಗೆ ಅಕ್ಕನಿಗೂ ಸಿನಿಮಾದಲ್ಲಿ ಕೆಲಸ ಸಿಕ್ಕಿತು. ತಂಗಿ ನಿಲ್ಲಬೇಕಾದ ಜಾಗದಲ್ಲಿ ತಂಗಿಯದೇ ಬಟ್ಟೆ ತೊಟ್ಟು ನಿಲ್ಲುವುದು. ಬೆಳಕು ಹೊಂದುವವರೆಗೆ, ಟೇಪು ಮೂಗು ಮುಟ್ಟುವವರೆಗೆ, ಕಣ್ಣು ಮಿಟುಕಿಸದೆ ನಿಲ್ಲುವುದು. ಎಲ್ಲ ಸರಿಯಾಯಿತು ಎಂದಕೂಡಲೇ ಗುರುತಿನಿಂದ ಇಳಿದು ಹೋಗುವುದು. ತಂಗಿ ತಂಪಾದ ಕೋಣೆಯಿಂದ ಬಂದು ಎರಡು ನಿಮಿಷ ನಟಿಸಿ ಚಪ್ಪಾಳೆ ಗಿಟ್ಟಿಸುವುದು.

ಅಲುಗಾಡದೆ ನಿಲ್ಲುವುದರಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಅವಳು ಅಲ್ಲಾಡಳು ಎಂದು ಸೆಟ್ಟಿನಲ್ಲಿ ಮಾತಿತ್ತು.

ಮೊದಲ ಸಿನಿಮಾ ಬಿಡುಗಡೆಯಾದದ್ದೇ ತಡ, ತಂಗಿಯ ನಿಜವಾದ ಹೆಸರನ್ನು ಜನ ಮರೆತೇಬಿಟ್ಟರು. ನಿರ್ದೇಶಕರ ಬಾಯಿಂದ ಬಿದ್ದ ಚಿನಕುರುಳಿಯೇ ಪಾತ್ರದ ಹೆಸರೂ ಆಯಿತು, ಮನೆಮಾತೂ ಆಯಿತು. ಕಂಪಾಸ್ ಡಬ್ಬಿಗಳ ಮೇಲೆ ಅವಳ ಮುಖ, ಸೋಪಿನ ಕಾಗದದ ಮೇಲೆ ಅವಳ ಮುಖ. ಅವಳ ಹಾಗೆ ಹಣೆಯ ಮೇಲೆ ಕೂದಲು ಕತ್ತರಿಸಿ ಎಂದು ಹೆಣ್ಣುಮಕ್ಕಳು ಕತ್ತರಿಸುವವರ ಮುಂದೆ ಸಾಲಾಗಿ ನಿಂತರು. ಅಕ್ಕನಿಗೂ ಕತ್ತರಿಸಿದರು, ಅವಳು ಕೇಳಿರಲಿಲ್ಲ. ಬೆನ್ನು ಮಾತ್ರ ಕಾಣುವ ಶಾಟುಗಳಲ್ಲಿ ಅವಳನ್ನೇ ನಡೆಸುತ್ತಿದ್ದರಲ್ಲ, ಅದಕ್ಕೆ.

ಸಿನಿಮಾ ನೋಡಲು ಅಮ್ಮನ ಜೊತೆ ಹೋದಾಗ, ಚಿನಕುರುಳಿ ಚೀಲ ಹೆಗಲಿಗೇರಿಸಿಕೊಂಡು ಉದ್ದನೆಯ ರಸ್ತೆಯಲ್ಲಿ ಒಬ್ಬಳೇ ನಡೆದು ಹೋಗುವ ದೃಶ್ಯ ಬಂತು. ಥಿಯೇಟರಿನಲ್ಲಿ ಮೂಗು ಸೀಟುವ ಸದ್ದು. ಅಕ್ಕ ಅಮ್ಮನ ತೋಳು ಹಿಡಿದು, "ಅಮ್ಮಾ, ಅದು ನಾನು. ಆ ಬೆನ್ನು ನಂದು" ಅಂದಳು.

"ಶ್! ಸುಮ್ನಿರೇ. ಪಾಪ, ಮಗು ಒಂದೇ ಹೋಗ್ತಿದೆ" ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊಟ್ಟೆಕಿಚ್ಚು ಎಂದರೆ ಏನು ಅಂತ ಅಕ್ಕನಿಗೆ ಆವತ್ತು ಸರಿಯಾಗಿ ಗೊತ್ತಾಯಿತು. ಅದು ಹೆಸರಿಗೆ ಹೊಟ್ಟೆಯದು, ಉರಿಯುವುದು ಗಂಟಲಲ್ಲಿ. ಆಮೇಲೆ ಮನೆಯಲ್ಲಿ ಫ್ಯಾನು ತಂಗಿಯ ಮಂಚದ ಕಡೆ ತಿರುಗಿತು. ಗಟ್ಟಿ ಹಾಲು ತಂಗಿಯ ಲೋಟಕ್ಕೆ, ಕಿಟಕಿಯ ಪಕ್ಕದ ಹಾಸಿಗೆ ತಂಗಿಗೆ. ಅಮ್ಮ ಲಾಂಡ್ರಿ ಬಿಟ್ಟಳು, ಇಸ್ತ್ರಿ ಬಿಡಲಿಲ್ಲ. ತಂಗಿಯ ಫ್ರಾಕುಗಳನ್ನು ಮಾತ್ರ ತಾನೇ ಒಂದು ಸುಕ್ಕೂ ಉಳಿಯದ ಹಾಗೆ ತೀಡುತ್ತಿದ್ದಳು. "ನಂದೂ ಒಂದು ಇದೆ" ಅಂದರೆ, "ನಿಂದು ಯಾರು ನೋಡ್ತಾರೆ ಬಿಡೇ" ಎಂದು ನಗುತ್ತಿದ್ದಳು. ಕೆಟ್ಟ ಮನಸ್ಸಿನಿಂದಲ್ಲ. ಅದೇ ಇನ್ನೂ ಕೆಟ್ಟದ್ದು.

ತಂಗಿಯಾದರೂ ಒಂದಿಷ್ಟು ಜಂಬ ಕೊಚ್ಚಿಕೊಂಡಿದ್ದರೆ ಅಕ್ಕನ ಪಾಡು ಸುಲಭವಾಗುತ್ತಿತ್ತು. ಆ ಪುಣ್ಯಾತ್ಗಿತ್ತಿ ಅದನ್ನೂ ಮಾಡಲಿಲ್ಲ. ತನಗೆ ಕೊಟ್ಟ ಕೇಕಿನಲ್ಲಿ ಅರ್ಧ ಮುರಿದು ಕಾಗದದಲ್ಲಿ ಸುತ್ತಿ ಇಡುತ್ತಿದ್ದಳು. ಕಾರಿನಲ್ಲಿ "ಅಕ್ಕಂಗೆ ವಾಂತಿ ಬರುತ್ತೆ, ಕಿಟಕಿ ಪಕ್ಕ ಅವಳೇ ಕೂರ್ಬೇಕು" ಎಂದು ಹಟ ಹಿಡಿಯುತ್ತಿದ್ದಳು. ನಿಮಗೆ ನಟನೆ ಕಲಿಸಿದವರು ಯಾರು ಎಂದು ಪತ್ರಿಕೆಯವರು ಕೇಳಿದರೆ, "ನಮ್ಮಕ್ಕ" ಅಂದಳು. ಅದು ಅಚ್ಚಾಯಿತು, ಜೊತೆಗೊಂದು ಫೋಟೋ. ಫೋಟೋದಲ್ಲಿ ಅಕ್ಕನ ಮೊಣಕೈ ಇತ್ತು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ದಣಿವಿನ ಕೆಲಸ ಎಂಬುದು ಪಟ್ಟವರಿಗೇ ಗೊತ್ತು.

ಮೂರು ವರ್ಷದಲ್ಲಿ ಐದು ಸಿನಿಮಾ. ಐದರಲ್ಲೂ ಅದೇ ಚಿನಕುರುಳಿ, ಅದೇ ಚೀಲ, ಅದೇ ಹಣೆಗೂದಲು.

ಒಂದು ಬೆಳಿಗ್ಗೆ ಅಕ್ಕ ಎಂದಿನಂತೆ ತಂಗಿಯ ಹಿಂದೆ ನಿಂತು ಜಡೆ ಹಾಕುತ್ತಿದ್ದಳು. ಬಾಚಣಿಗೆಯಿಂದ ಬೈತಲೆ ತೆಗೆಯಲು ಹೋದರೆ ಬೈತಲೆ ಕಾಣಲಿಲ್ಲ. ತುದಿಗಾಲಲ್ಲಿ ನಿಂತಳು. ಆಗಲೂ ಸರಿಯಾಗಿ ಕಾಣಲಿಲ್ಲ.

"ಕೂತ್ಕೋ" ಅಂದಳು.

"ಯಾಕೆ? ದಿನಾ ನನ್ನ ನಿಲ್ಲಿಸ್ಕೊಂಡೇ ಹಾಕ್ತೀಯಲ್ಲ."

"ಕೂತ್ಕೋ ಅಂದ್ರೆ ಕೂತ್ಕೋ."

ತಂಗಿ ಕೂತಳು. ಅಕ್ಕನ ಕೈ ಜಡೆ ಹೆಣೆಯುತ್ತಿತ್ತು, ಮನಸ್ಸು ಕುಣಿಯುತ್ತಿತ್ತು. ಬೆಳೆಯುತ್ತಿದ್ದಾಳೆ! ಇವಳು ಬೆಳೆಯುತ್ತಿದ್ದಾಳೆ! ಹಾಲು ಕುಡಿದಷ್ಟು ಸಂತೋಷವಾಯಿತು. ನಾಲ್ಕಡಿ ಒಂಬತ್ತಂಗುಲಕ್ಕೆ ಅಕ್ಕ ನಿಂತುಬಿಟ್ಟಿದ್ದಳು. ತಂಗಿ ಅದನ್ನು ದಾಟಿ ಹೊರಟಿದ್ದಳು, ಕೇಳುವವರಿಲ್ಲ.

ಹಳೆಯ ನಿರ್ದೇಶಕರು ಒಂದು ಸಿನಿಮಾ ಹೇಗೋ ಸುಧಾರಿಸಿದರು. ಕೂತ ದೃಶ್ಯ, ಮಲಗಿದ ದೃಶ್ಯ, ಮರವೇರಿ ಕೂತ ದೃಶ್ಯ. ಆ ಸಿನಿಮಾದಲ್ಲಿ ಚಿನಕುರುಳಿಗೆ ಮುಕ್ಕಾಲು ಪಾಲು ಜ್ವರ. ಅದಾದ ಮೇಲೆ ಅವರು ಕೈಚೆಲ್ಲಿದರು. ಅಷ್ಟರಲ್ಲಿ ಬೇರೆ ಊರಿನ ದೊಡ್ಡ ಕಂಪನಿಯೊಂದು ತಾನಾಗಿ ಬಂತು. ತಾತನ ಕೈಹಿಡಿದು ಓಡಾಡುವ ಪುಟ್ಟ ಹುಡುಗಿಯ ಕಥೆ, ನಮ್ಮ ಚಿನಕುರುಳಿಯೇ ಬೇಕು ಎಂದರು. ಒಂದೇ ಷರತ್ತು: ಮೊದಲು ಕ್ಯಾಮೆರಾದ ಮುಂದೆ ಒಂದು ಪರೀಕ್ಷೆ. ಎತ್ತರ ಎಷ್ಟು ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಅಮ್ಮ ಹಿಂದೆಮುಂದೆ ನೋಡದೆ "ಐದಡಿ" ಅಂದುಬಿಟ್ಟಳು. ಆ ಹೊತ್ತಿಗೆ ತಂಗಿ ಐದಡಿ ನಾಲ್ಕಂಗುಲ.

ಶುರುವಾಯಿತು ನೋಡಿ ಕಸರತ್ತು. ಉದ್ದ ಲಂಗದೊಳಗೆ ಮಂಡಿ ಬಗ್ಗಿಸಿಕೊಂಡು, ಬಗ್ಗಿದ್ದು ಗೊತ್ತಾಗದ ಹಾಗೆ ನಿಲ್ಲುವುದು, ನಡೆಯುವುದು. ಅಮ್ಮ ಗೋಡೆಯ ಮೇಲೆ ಐದಡಿಗೆ ಒಂದು ಗೆರೆ ಎಳೆದಳು. ತಲೆ ಗೆರೆ ದಾಟಿದರೆ ಸ್ಕೇಲಿನಿಂದ ನೆತ್ತಿಗೆ ಒಂದು ಪೆಟ್ಟು. ಕೆಲವು ದಿನ ಹುರುಪಿನಲ್ಲಿ ತಂಗಿ ಗೆರೆಗಿಂತ ಮೂರಂಗುಲ, ನಾಲ್ಕಂಗುಲ ಕೆಳಗೇ ಹೋಗಿ, ಅಕ್ಕನ ಸಮಕ್ಕೆ ಬಂದು, "ನೋಡೇ ಅಕ್ಕಾ, ನಿನ್ನಷ್ಟೇ ಆದೆ" ಎಂದು ಹಲ್ಲು ಕಿರಿಯುತ್ತಿದ್ದಳು. ಸಂಜೆಗೆ ಮಂಡಿ ಊದಿರುತ್ತಿತ್ತು. ಬಿಸಿನೀರಿನ ಬಟ್ಟೆ ಒತ್ತುವ ಕೆಲಸ ಅಕ್ಕನದು. ಒತ್ತುವಾಗ ತಂಗಿ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು.

ಅಕ್ಕನಿಗೂ ಒಂದು ಏರ್ಪಾಟು ಬೇಕಾಯಿತು. ಬೆಳಕು ಹೊಂದಿಸುವುದು ಅವಳ ಎತ್ತರಕ್ಕೆ, ಅವಳೋ ಐದಡಿಗೆ ಮೂರಂಗುಲ ಕಡಿಮೆ. ಅಮ್ಮ ತನ್ನ ಹಳೆಯ ಇಸ್ತ್ರಿ ಹಲಗೆಯನ್ನು ಕೊಯ್ಸಿ, ತುಂಡಿನ ಮೇಲೆ ತುಂಡಿಟ್ಟು ಮೊಳೆ ಹೊಡೆಸಿ, ಸರಿಯಾಗಿ ಮೂರಂಗುಲದ ಒಂದು ಹಲಗೆ ಮಾಡಿಸಿದಳು. ಅದರ ಮೇಲೆ ಅಕ್ಕ ನಿಂತರೆ ಐದಡಿ, ಮಂಡಿ ಬಗ್ಗಿಸಿದ ತಂಗಿಯ ಅಳತೆ. "ಸಿಮೆಂಟು ನೆಲ, ಕಾಲು ನೋಯುತ್ತೆ ಅಂತ ಹೇಳು. ಯಾರೂ ಕೇಳಲ್ಲ" ಅಂದಳು. ಈ ಗುಟ್ಟು ಮೂವರಿಗೆ ಬಿಟ್ಟು ಇನ್ನೊಬ್ಬರಿಗೆ ತಿಳಿಯಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಹೊಸ ಕಂಪನಿಯ ಸಹನಿರ್ದೇಶಕಿ ಒಬ್ಬಳು ಕೈಯಲ್ಲಿ ಹಾಳೆಗಳ ಕಟ್ಟು ಹಿಡಿದು ಬಂದಳು. ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, "ಇವರ ಮುಖ ಚೆನ್ನಾಗಿದೆಯಲ್ಲ" ಅಂದಳು. "ಔಷಧಿ ಅಂಗಡಿ ಹುಡುಗಿ ಪಾತ್ರ ಒಂದಿದೆ. ಒಂದೇ ಡೈಲಾಗು. ಚಿನಕುರುಳಿ ಜೊತೆ ಒಂದು ಶಾಟ್. ಮಾಡ್ತೀರಾ?"

ಅಕ್ಕ ಬಾಯಿ ತೆರೆದಳು. ಅವಳು ತೆರೆಯುವುದರೊಳಗೆ ಅಮ್ಮ ಉತ್ತರ ಕೊಟ್ಟಾಗಿತ್ತು.

"ಅಯ್ಯೋ ಬೇಡಮ್ಮ. ಜನರ ಮುಂದೆ ಅವಳಿಗೆ ಮಾತೇ ಹೊರಡಲ್ಲ. ಬೇರೆಯವರನ್ನ ನೋಡ್ಕೊಳ್ಳಿ."

ಸಹನಿರ್ದೇಶಕಿ ಆಯ್ತೆಂದು ಹೋದಳು. ಅಕ್ಕ ಅಮ್ಮನನ್ನು ಗೋಡೆಯ ಮರೆಗೆ ಎಳೆದಳು. "ಯಾಕಮ್ಮಾ? ಒಂದೇ ಒಂದು ಮಾತಿತ್ತು!"

"ತಲೆ ಇದೆಯೇನೇ ನಿಂಗೆ? ಇಬ್ರೂ ಒಂದೇ ಶಾಟಲ್ಲಿ ನಿಂತ್ರೆ ಯಾರು ಉದ್ದ ಅಂತ ಜಗತ್ತೇ ನೋಡುತ್ತೆ. ನಿನ್ನ ಒಂದು ಮಾತಿಗೆ ಅವಳ ಬಾಳು ಹಾಳ್ಮಾಡ್ಲಾ?"

ತಂಗಿ ಅಲ್ಲೇ ಕುರ್ಚಿಯಲ್ಲಿ ಮೇಕಪ್ಪು ಹಾಕಿಸಿಕೊಳ್ಳುತ್ತಿದ್ದಳು. ಎಲ್ಲ ಕೇಳಿಸಿತ್ತು. ಅಕ್ಕ ಅವಳ ಕಡೆ ನೋಡಿದಳು. ಅವಳು ಕನ್ನಡಿಯಲ್ಲಿ ಅಕ್ಕನನ್ನೇ ನೋಡುತ್ತಿದ್ದಳು.

ಅಕ್ಕ ಗುರುತಿನ ಬಳಿ ಹೋಗಿ ಚೀಲದಿಂದ ಹಲಗೆ ತೆಗೆದಿಟ್ಟು ಮೇಲೆ ನಿಂತಳು. ಲೈಟುಗಳು ಹತ್ತಿದವು. ಮುಖ ಸುಡತೊಡಗಿತು. ನಾಲ್ಕು ವರ್ಷದಿಂದ ಹೀಗೇ ಸುಟ್ಟ ಮುಖ, ಅದು ಚೆನ್ನಾಗಿದೆ ಎಂದು ಮೊದಲ ಸಲ ಒಬ್ಬರು ಹೇಳಿದ್ದರು, ಅದನ್ನೂ ಕಿತ್ತು ತಂಗಿಯ ಕಾಲಿಗೆ ಇಟ್ಟಾಯಿತು. ಅಕ್ಕನಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಕಣ್ಣು ಕತ್ತಲಿಡುವಷ್ಟು ಸಿಟ್ಟು. ಅವಳು ಲಂಗ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿ, ಹಲಗೆಯಿಂದ ಇಳಿದು, ಹಿಮ್ಮಡಿಯಿಂದ ಅದನ್ನು ಹಿಂದಕ್ಕೆ ತಳ್ಳಿದಳು. ನೆಲ ತಣ್ಣಗಿತ್ತು.

ಹೊಸಬರಿಗೆ ಏನು ಗೊತ್ತು, ಪಾಪ. ಅವಳ ಎತ್ತರಕ್ಕೆ ಬೆಳಕು ತಗ್ಗಿಸಿದರು, ಕ್ಯಾಮೆರಾ ತಗ್ಗಿಸಿದರು, ಮೂಗಿಗೆ ಟೇಪು ಹಿಡಿದರು. ಅವಳು ಕಲ್ಲಿನಂತೆ ನಿಂತಿದ್ದಳು. ಮೂರಂಗುಲ, ಅಂದುಕೊಂಡಳು. ಚೌಕಟ್ಟಿನಲ್ಲಿ ಹಣೆಗೂದಲು ಕತ್ತರಿಸಿ ಹೋಗುತ್ತೆ, ನಿರ್ದೇಶಕ ಮುಖ ಸಿಂಡರಿಸುತ್ತಾನೆ, ಅಷ್ಟು ಸಾಕು.

ತಂಗಿ ಬಂದು ಗುರುತಿನ ಮೇಲೆ ನಿಂತಳು. ಕ್ಯಾಮೆರಾ ಓಡತೊಡಗಿತು. ಅದರೊಳಗೆ ಕಣ್ಣಿಟ್ಟಿದ್ದ ನಿರ್ದೇಶಕ ತಲೆಯೆತ್ತಿದ.

"ಏನ್ರೀ ಇದು, ತಲೆ ಎಲ್ಲಿ? ಕುತ್ತಿಗೆ ಡೈಲಾಗ್ ಹೇಳುತ್ತಾ?"

ಸೆಟ್ಟೆಲ್ಲ ಹೋ ಎಂದು ನಕ್ಕಿತು. ಮೂರಲ್ಲ, ಏಳಂಗುಲ ತಪ್ಪಿತ್ತು. ಹೆದರಿಕೆಗೆ ಬಗ್ಗುವುದೇ ಮರೆತಳು ಎಂದು ಅಕ್ಕ ಅಂದುಕೊಂಡಳು. ನಿರ್ದೇಶಕ ಎದ್ದು ಬಂದು, "ಇಲ್ಲಿ ನಿಂತಿದ್ದೋರು ಎಲ್ಲಿ? ಪಕ್ಕಕ್ಕೆ ನಿಂತ್ಕೊಳ್ಳಿ" ಅಂದ. ಅಕ್ಕತಂಗಿ ಪಕ್ಕಪಕ್ಕ ನಿಂತರು. ಕ್ಯಾಮೆರಾ ನಿಲ್ಲಿಸುವುದನ್ನು ಯಾರೋ ಮರೆತಿದ್ದರು. ಚೌಕಟ್ಟಿನೊಳಗೆ ಅಕ್ಕನ ಮುಖ, ಹೇಳಿ ಮಾಡಿಸಿದಂಥ ಬೆಳಕಿನಲ್ಲಿ, ಅವಳ ಮೂಗಿಗೇ ಅಳೆದ ಫೋಕಸ್ಸಿನಲ್ಲಿ. ಪಕ್ಕದಲ್ಲಿ ತಲೆಯಿಲ್ಲದ ಚಿನಕುರುಳಿ. ಆ ರೀಲು ಅದೇ ದಿನ ಕಸಕ್ಕೆ ಹೋಯಿತು.

"ಇವಳು ಬೆಳೆದುಬಿಟ್ಟಿದ್ದಾಳಲ್ರೀ" ಅಂದ ನಿರ್ದೇಶಕ. ಬೇಸರದಿಂದಲೂ ಅಲ್ಲ, ಹವಾಮಾನ ಹೇಳುವವನ ಹಾಗೆ ಅಂದ. ಅಷ್ಟಕ್ಕೇ ಮುಗಿಯಿತು.

ಏರುವುದಕ್ಕೆ ಮೂರು ವರ್ಷ ಬೇಕಾಗಿತ್ತು, ಇಳಿಯುವುದಕ್ಕೆ ಅಷ್ಟೂ ಬೇಕಾಗಲಿಲ್ಲ. ತಂಗಿ ಎರಡು ಸಿನಿಮಾದಲ್ಲಿ ಹೀರೋಯಿನ್ನಿನ ಗೆಳತಿಯಾದಳು, ಒಂದರಲ್ಲಿ ಹೀರೋಯಿನ್ನೇ ಆದಳು. ಅದು ನಾಲ್ಕನೇ ದಿನ ಥಿಯೇಟರಿನಿಂದ ಹೊರಬಿತ್ತು. ಪ್ರೀತಿಸಿದ ಜನವೇ ಮೋಸ ಹೋದವರಂತೆ ಮುಖ ಮಾಡಿದರು. ಬೀದಿಯಲ್ಲಿ ಒಬ್ಬ ಮುದುಕಿ ಅವಳ ಗಲ್ಲ ಹಿಡಿದು, "ನಮ್ಮ ಚಿನಕುರುಳೀನ ಏನ್ಮಾಡ್ದೆ ತಾಯಿ?" ಎಂದು ಕೇಳಿದಳು. ಕಂಪಾಸ್ ಡಬ್ಬಿಗಳು ಫುಟ್‌ಪಾತಿನಲ್ಲಿ ರಾಶಿ ಬಿದ್ದವು. ಅಮ್ಮ ಮತ್ತೆ ಲಾಂಡ್ರಿಗೆ ಇಳಿದಳು. ಒಂದು ಡಬ್ಬಿಯನ್ನು ಮಾತ್ರ ಇಸ್ತ್ರಿ ಮೇಜಿನ ಮೇಲೆ ಇಟ್ಟುಕೊಂಡು, ಕಣ್ಣು ಮಂಜಾಗಿ, ತೀರಿಕೊಳ್ಳುವವರೆಗೂ ಅದನ್ನು ಒರೆಸುತ್ತಿದ್ದಳು.

ಅಕ್ಕನ ಕೆಲಸವೋ, ಹೋಗಲೇ ಇಲ್ಲ! ಆ ಕಂಪನಿ ಬೇರೆ ಹುಡುಗಿಯನ್ನು ತಂದಿತು, ಎತ್ತರ ನಾಲ್ಕಡಿ ಒಂಬತ್ತಂಗುಲ. "ಆವತ್ತು ಅಲುಗಾಡದೆ ನಿಂತಿದ್ದರಲ್ಲ, ಆ ಗಿಡ್ಡ ಅಕ್ಕ, ಅವರನ್ನೇ ಕರೀರಿ" ಎಂದರು. ಆ ಹುಡುಗಿಯೂ ಬೆಳೆದಳು, ಹೋದಳು. ಇನ್ನೊಬ್ಬಳು ಬಂದಳು, ಬೆಳೆದಳು, ಹೋದಳು. ಅಕ್ಕ ಅಷ್ಟೇ ಎತ್ತರದಲ್ಲಿ, ಅದೇ ಗುರುತಿನ ಮೇಲೆ. ಎಲ್ಲರಿಗಿಂತ ಹೆಚ್ಚು ವರ್ಷ ಸಿನಿಮಾದಲ್ಲಿ ಉಳಿದವಳು ಅವಳೇ. ಬೆನ್ನು ಮಾತ್ರ.

ಔಷಧಿ ಅಂಗಡಿಯ ಹುಡುಗಿಯಂಥ ಪಾತ್ರ ಮತ್ತೆ ಯಾರೂ ಕೊಡಲಿಲ್ಲ. ಕೊಡದಿದ್ದರೇನು, ಅವಳ ಹತ್ತಿರ ಒಂದು ಗಂಟಿತ್ತು. ಬೆಳಕಿನಲ್ಲಿ ನಿಂತಾಗೆಲ್ಲ ಅದನ್ನು ಮನಸ್ಸಿನಲ್ಲೇ ಬಿಚ್ಚಿ ನೋಡುತ್ತಿದ್ದಳು. ಚಿನಕುರುಳಿಯನ್ನು ಇಳಿಸಿದ್ದು ನಾನು. ಪಾಪ ಅಂತ ಗೊತ್ತಿತ್ತು, ಎಷ್ಟೋ ಸಲ ಊಟ ಸೇರುತ್ತಿರಲಿಲ್ಲ. ಆದರೂ ಈ ಸಿನಿಮಾ ಜಗತ್ತಿನಲ್ಲಿ ತಾನು ಸ್ವಂತವಾಗಿ ಮಾಡಿದ ಒಂದೇ ಕೆಲಸ ಅದು. ಅದನ್ನು ಮಾಡುವಾಗ ಅವಳು ಯಾರ ಬದಲಿಗೂ ನಿಂತಿರಲಿಲ್ಲ.

ಆ ಪರೀಕ್ಷೆಯಾಗಿ ಇಪ್ಪತ್ತಮೂರು ವರ್ಷದ ಮೇಲೆ, ಲೈಟುಗಳನ್ನು ನೋಡಿ ನೋಡಿ ಸವೆದ ಕಣ್ಣಿಗೆ ಹತ್ತಿರದ್ದು ಕಾಣದಾಯಿತು. ಚಾಳೀಸು ಬೇಕಾಯಿತು. ತಂಗಿ ಕೆಲಸ ಮಾಡುವ ಕನ್ನಡಕದ ಅಂಗಡಿಗೇ ಹೋದಳು. ಬೇರೆ ಕಡೆ ಹೋದರೆ "ಯಾಕಕ್ಕಾ ನನ್ನ ಹತ್ರ ಬರ್ಲಿಲ್ಲ" ಎಂದು ವಾರಗಟ್ಟಲೆ ಮುನಿಸು. ತಂಗಿಗೆ ಈಗ ಮೂವತ್ತೊಂಬತ್ತು. ಕೌಂಟರಿನ ಹಿಂದೆ ನೆಟ್ಟಗೆ, ಉದ್ದಕ್ಕೆ ನಿಂತು, ಬಂದವರ ಮುಖಕ್ಕೊಪ್ಪುವ ಚೌಕಟ್ಟು ಹುಡುಕಿ ಕೊಡುತ್ತಿದ್ದಳು. ಸಂತೋಷವಾಗಿದ್ದಳು. ಅದೂ ಅಕ್ಕನಿಗೆ ಚುಚ್ಚುತ್ತಿತ್ತು.

ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ಮೂಗಿನ ಮೇಲೆ ಒಂದು ಬರಿಯ ಚೌಕಟ್ಟು ಇಟ್ಟಳು. ಅಷ್ಟರಲ್ಲಿ ಒಬ್ಬ ಹೆಂಗಸು ಒಳಗೆ ಬಂದು, ತಂಗಿಯನ್ನು ಎವೆಯಿಕ್ಕದೆ ನೋಡಿ, "ನೀವು... ಆ ಚಿನಕುರುಳಿ ಅಲ್ವಾ?" ಎಂದಳು.

"ಅಲ್ಲಮ್ಮಾ, ಎಲ್ರೂ ಹಾಗೇ ಅಂದ್ಕೋತಾರೆ" ಎಂದು ತಂಗಿ ನಕ್ಕಳು. "ನಾನು ಅವಳ ಅಕ್ಕ."

ಆ ಹೆಂಗಸು ಕನ್ನಡಕದ ಡಬ್ಬಿ ಇಸಿದುಕೊಂಡು ಹೋಗುವವರೆಗೂ ಅಕ್ಕ ಹಲ್ಲು ಕಚ್ಚಿ ಕೂತಿದ್ದಳು. ಬಾಗಿಲು ಮುಚ್ಚಿಕೊಂಡದ್ದೇ ಒಡೆದಳು.

"ಯಾರೇ ಅಕ್ಕ? ನೀನಾ? ಡೈಲಾಗ್ ತಗೊಂಡೆ, ಲೈಟ್ ತಗೊಂಡೆ, ಅಮ್ಮನ್ನ ತಗೊಂಡೆ. ಅಕ್ಕ ಅನ್ನೋದೊಂದು ನಂದಿತ್ತು, ಅದೂ ಬೇಕಾ ನಿಂಗೆ?"

"ಅಯ್ಯೋ, ತಮಾಷೆಗೆ ಕಣೇ. ನಿಜ ಹೇಳಿದ್ರೆ ಹತ್ತು ಪ್ರಶ್ನೆ ಕೇಳ್ತಾರೆ, ಅದಕ್ಕೆ..."

"ಆವತ್ತು ನಾನು ಹಲಗೆಯಿಂದ ಇಳಿದೆ!" ಅಕ್ಕನ ದನಿ ಅಂಗಡಿಯ ಗಾಜಿಗೆಲ್ಲ ಬಡಿಯಿತು. "ಪರೀಕ್ಷೆ ದಿನ. ಬೇಕಂತಲೇ ಇಳಿದೆ. ಹೊಟ್ಟೆಕಿಚ್ಚಿಗೆ ಇಳಿದೆ. ನಿನ್ನ ಹಾಳು ಮಾಡಿದ್ದು ನಾನು, ತಿಳ್ಕೋ!"

ಹೇಳಿಬಿಟ್ಟಳು. ಇಪ್ಪತ್ತಮೂರು ವರ್ಷದ ಗಂಟು ಕೌಂಟರಿನ ಮೇಲೆ ಬಿತ್ತು. ಈಗ ಅಳುತ್ತಾಳೆ, ಈಗ ಬೈಯುತ್ತಾಳೆ ಎಂದು ಅಕ್ಕ ಕಾದಳು. ಬೈದರೆ ಎಷ್ಟೋ ಹಗುರಾಗುತ್ತಿತ್ತು.

ತಂಗಿ ಕೌಂಟರಿನ ಮೇಲಿದ್ದ ಬಟ್ಟೆಯನ್ನು ಮಡಚಿಟ್ಟಳು.

"ಗೊತ್ತು" ಅಂದಳು.

"ಏನ್ ಗೊತ್ತು?"

"ನೀ ಇಳಿದಿದ್ದು. ಹಿಮ್ಮಡೀಲಿ ತಳ್ಳಿದ್ದೂ. ಕನ್ನಡಿ ನನ್ನ ಮುಂದೇನೇ ಇತ್ತಲ್ಲ ಅಕ್ಕಾ, ನಿನ್ನೇ ನೋಡ್ತಾ ಇದ್ದೆ."

"ಮತ್ತೆ... ಅಮ್ಮಂಗೆ ಯಾಕೆ ಹೇಳ್ಲಿಲ್ಲ?"

"ಹೇಳೋಕೇನಿತ್ತು? ನೀನು ಇಳಿದಿದ್ದು ಮೂರೇ ಅಂಗುಲ. ಇನ್ನು ಮೂರಂಗುಲ ಬಗ್ಗೋದು ನಂಗೇನು ಕಷ್ಟಾನಾ? ಮನೇಲಿ ನಿನ್ನ ಸಮಕ್ಕೆ ಬಂದು ತೋರಿಸ್ತಿರಲಿಲ್ವಾ?" ತಂಗಿ ತನ್ನ ಮಂಡಿಯನ್ನು ಒಮ್ಮೆ ಸವರಿಕೊಂಡಳು. "ಗುರುತಿನ ಮೇಲೆ ಬಂದು ನಿಂತೆ. ಮಂಡಿ ನೋಯ್ತಿತ್ತು. ಸಾಕಪ್ಪಾ ಅನ್ನಿಸ್ತು. ನೆಟ್ಟಗೆ ನಿಂತ್ಬಿಟ್ಟೆ. ಅಷ್ಟೇ."

ಏಳಂಗುಲ. ಅಕ್ಕನಿಗೆ ಲೆಕ್ಕ ಈಗ ಕೂಡಿತು. ಮೂರು ತನ್ನದು, ನಾಲ್ಕು ಇವಳದು. ಅವಳು ಮನಸ್ಸು ಮಾಡಿದ್ದರೆ ತನ್ನ ಮೂರು ಸೊನ್ನೆಯಾಗುತ್ತಿತ್ತು. ಇಷ್ಟು ವರ್ಷ ತನ್ನದೆಂದು ಹೊತ್ತು ತಿರುಗಿದ ಪಾಪದಲ್ಲೂ ಅಕ್ಕ ಬೆಳಕು ಹೊಂದಿಸಿ ಕೊಟ್ಟಿದ್ದಳು, ಅಷ್ಟೇ. ಗುರುತಿನ ಮೇಲೆ ಬಂದು ನಿಂತವಳು, ಆ ದೃಶ್ಯ ಮಾಡಿ ಮುಗಿಸಿದವಳು ತಂಗಿ.

"ಅದೂ ನಿಂದೇನಾ?" ಅಂದಳು ಅಕ್ಕ.

"ಯಾವುದು?" ತಂಗಿಗೆ ಅರ್ಥವಾಗಲಿಲ್ಲ. ಅವಳು ಕೌಂಟರಿನ ಈಚೆಗೆ ಬಂದು, ಅಕ್ಕನ ಮುಂದೆ ನಿಂತಳು. ಸ್ಟೂಲಿನ ಮೇಲೆ ಕೂತವಳ ಮುಖ ಸಮನಾಗಿ ಕಾಣಲೆಂದು ಮಂಡಿ ಬಗ್ಗಿಸಿದಳು. ಜೇಬಿನಿಂದ ಪುಟ್ಟ ಸ್ಕೇಲು ತೆಗೆದು ಅಕ್ಕನ ಮೂಗಿಗೆ ಅಡ್ಡ ಹಿಡಿದಳು.

"ಕಣ್ಣಿನ ಅಳತೆ ತಗೋಬೇಕು. ಅಲುಗಾಡಬೇಡ ಅಕ್ಕಾ. ನಿಂಗೆ ಹೇಳ್ಬೇಕಾ!"

ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡದವಳು ಅಕ್ಕ. ಆವತ್ತು ತಂಗಿ ಮೂರು ಸಲ ಅಳೆದಳು, ಮೂರು ಸಲವೂ ಅಳತೆ ತಪ್ಪಿತು.